ಮುತ್ತಜ್ಜನ ಹಿತ್ತಾಳೆ ಕೊಳವೆಯ ಗೀತಾ ಸುರುಳಿ: ಐದು ಚಿತ್ರಗಳಿಗೆ ಐದು ಪಾಲೇ?

ಹಿರಿಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮ ಮುತ್ತಜ್ಜ ಕಾಶಿಯಾತ್ರೆ ಮುಗಿಸಿ ಬರುವಾಗ ಗಂಗೆಯ ತಂಬಿಗೆಯ ಜೊತೆಗೆ ಒಂದು ಹಿತ್ತಾಳೆ ಕೊಳವೆಯನ್ನೂ ತಂದಿದ್ದರಂತೆ. ನನಗೆ ಬುದ್ಧಿ ಬಂದಾಗಿನಿಂದ ಅದು ದೇವರ ಕೋಣೆಯಲ್ಲಿ ಸಾಲಿಗ್ರಾಮದ ಪೆಟ್ಟಿಗೆಯ ಪಕ್ಕದಲ್ಲಿದೆ. ಗೀತಾ ಜಯಂತಿಯ ದಿನ ಅದಕ್ಕೆ ಗಂಧ ಹಚ್ಚಿ ಹೂವು ಏರಿಸುತ್ತಿದ್ದರೇ ಹೊರತು ಮುಚ್ಚಳ ತೆಗೆದದ್ದನ್ನು ನಾನು ಕಂಡಿರಲಿಲ್ಲ. ಕಳೆದ ತಿಂಗಳು ಮನೆ ಪಾಲಾಗುವಾಗ ಪಾತ್ರೆಪಡಗಗಳ ಪಟ್ಟಿಯಲ್ಲಿ ಅದೂ ಸೇರಿ, ಕೊನೆಗೆ ಬಿಚ್ಚಿ ನೋಡಿದೆವು.

ಒಳಗಿರುವುದು ನಾಲ್ಕು ಬೆರಳಗಲದ ಕಾಗದದ ಸುರುಳಿ. ಉದ್ದ ಹದಿನಾಲ್ಕು ಅಡಿಯಷ್ಟಿದೆ. ಎರಡೂ ಬದಿಗೆ ಬಣ್ಣದ ಹೂಬಳ್ಳಿಯ ಅಂಚು, ನಡುವೆ ಸಾಸಿವೆ ಕಾಳಿಗಿಂತ ಸಣ್ಣದಾದ ನಾಗರಿ ಅಕ್ಷರಗಳು, ಅಲ್ಲಲ್ಲಿ ಚಿನ್ನದ ಬಣ್ಣ ಹಚ್ಚಿದ ಒಟ್ಟು ಐದು ಚಿತ್ರಗಳು. ಆಸ್ತಿಯಲ್ಲಿ ಪಾಲುದಾರರೂ ಐವರೇ. ಚಿಕ್ಕಪ್ಪನವರ ಸಲಹೆ ಏನೆಂದರೆ, ಅಕ್ಷರಗಳನ್ನು ಹೇಗೂ ಯಾರಿಂದಲೂ ಓದಲಾಗುವುದಿಲ್ಲ, ಆದ್ದರಿಂದ ಚಿತ್ರವಿರುವ ಕಡೆಗಳಲ್ಲಿ ಕತ್ತರಿಸಿ, ಕಟ್ಟು ಹಾಕಿಸಿ ಮನೆಗೊಂದರಂತೆ ಹಂಚಿಕೊಳ್ಳೋಣ. ನನಗೆ ಮನಸ್ಸು ಒಪ್ಪುತ್ತಿಲ್ಲ, ಆದರೆ ಬೇಡವೆನ್ನಲು ಭಾವನೆಯಲ್ಲದೆ ಬೇರೆ ಕಾರಣ ನನ್ನ ಬಳಿ ಇಲ್ಲ. ಇದು ಏನು? ಯಾರಿಗೂ ಓದಲಾಗದಷ್ಟು ಸಣ್ಣದಾಗಿ ಒಂದು ಪುಸ್ತಕವನ್ನು ಏಕೆ ಬರೆದಿರಬೇಕು?

ಓಲೆಗರಿ:

ದಯವಿಟ್ಟು ಕತ್ತರಿಸಬೇಡಿ. ಉಳಿದ ಮಾತು ಆಮೇಲೆ.

ನೀವು ಹೇಳಿದ ಅಳತೆ, ಅಂಚು, ಅಕ್ಷರ ಮತ್ತು ಗೀತಾ ಜಯಂತಿಯ ಪೂಜೆ, ಎಲ್ಲವನ್ನೂ ಸೇರಿಸಿ ನೋಡಿದರೆ ಅದು ‘ಪಂಚರತ್ನ ಗೀತೆ’ ಇರಬಹುದು ಎಂದು ನನ್ನ ಊಹೆ. ಭಗವದ್ಗೀತೆ, ವಿಷ್ಣುಸಹಸ್ರನಾಮ, ಭೀಷ್ಮಸ್ತವರಾಜ, ಅನುಸ್ಮೃತಿ, ಗಜೇಂದ್ರಮೋಕ್ಷ ಎಂಬ ಐದನ್ನು ಒಟ್ಟಿಗೆ ಬರೆಸಿ ನಿತ್ಯಪಾರಾಯಣಕ್ಕೆ ಇಟ್ಟುಕೊಳ್ಳುವ ರೂಢಿ ಉತ್ತರದಲ್ಲಿ ವ್ಯಾಪಕವಾಗಿತ್ತು. 18 ಮತ್ತು 19ನೇ ಶತಮಾನಗಳಲ್ಲಿ ಕಾಶ್ಮೀರದ ಲಿಪಿಕಾರರು ಇಂಥ ಸಚಿತ್ರ ಪ್ರತಿಗಳನ್ನು ಬಹಳವಾಗಿ ಮಾಡಿದರು. ಅವುಗಳಲ್ಲಿ ಅಂಗೈಯಗಲದ ಪುಸ್ತಕಗಳೂ ಇವೆ, ಸುರುಳಿಗಳೂ ಇವೆ. ಯಾತ್ರಿಕರ ಕೈಗೆ ಅವು ಕಾಶಿಯಲ್ಲಿ ಸಿಕ್ಕುವುದರಲ್ಲಿ ಆಶ್ಚರ್ಯವಿಲ್ಲ. ಐದು ಚಿತ್ರಗಳಲ್ಲಿ ಏನೇನಿದೆ, ಯಾವ ಕ್ರಮದಲ್ಲಿವೆ ಎಂಬುದನ್ನು ಬರೆದು ತಿಳಿಸಿ.

ಜೊತೆಗೆ ಒಂದು ಸಣ್ಣ ಪರೀಕ್ಷೆ ಮಾಡಿ. ಭೂತಗನ್ನಡಿ ಹಿಡಿದು ಒಂದೇ ಅಕ್ಷರವನ್ನು ನಾಲ್ಕು ಕಡೆ ನೋಡಿ. ನಾಲ್ಕೂ ತದ್ರೂಪವಾಗಿದ್ದರೆ ಅದು ಅಚ್ಚಿನದು. ಕೈಬರಹವಾದರೆ ಮಸಿ ಒಂದು ಕಡೆ ಕಪ್ಪಾಗಿ, ಲೇಖನಿ ಒಣಗುತ್ತ ಬಂದಂತೆ ಮಾಸಲಾಗಿ, ಮತ್ತೆ ಅದ್ದಿದ ಕಡೆ ಗಾಢವಾಗಿ ಕಾಣುತ್ತದೆ.

ಚಿಲುಮೆ:

ಅಲ್ಲಿಯ ತನಕ ಚಿಕ್ಕಪ್ಪನವರ ಕೈಗೆ ಕತ್ತರಿ ಸಿಗದಂತೆ ನೋಡಿಕೊಳ್ಳಿ.

ಹಿರಿಮಗಳು:

ಕೈಬರಹವೇ ಹೌದು. ಏಳೆಂಟು ಅಕ್ಷರಕ್ಕೊಮ್ಮೆ ಮಸಿ ಕಪ್ಪೇರುವುದು ಕಾಣುತ್ತದೆ. ಚಿತ್ರಗಳ ಕ್ರಮ ಹೀಗಿದೆ: ಮೊದಲು ಗಣಪತಿ, ನಂತರ ರಥದಲ್ಲಿ ಕೃಷ್ಣಾರ್ಜುನರು, ಮೂರನೆಯದು ಶೇಷಶಾಯಿ, ಕಾಲ ಬಳಿ ಲಕ್ಷ್ಮಿ, ನಾಲ್ಕನೆಯದರಲ್ಲಿ ಬಿಳಿಗಡ್ಡದ ಮುದುಕರೊಬ್ಬರು ಈಚಲು ಚಾಪೆಯಂಥದ್ದರ ಮೇಲೆ ಮಲಗಿದ್ದಾರೆ, ಸುತ್ತ ಕಿರೀಟ ತೊಟ್ಟವರು ನಿಂತಿದ್ದಾರೆ, ಐದನೆಯದರಲ್ಲಿ ಆನೆ ಮತ್ತು ಮೊಸಳೆ. ಆ ಮುದುಕರು ಯಾರೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಓಲೆಗರಿ:

ಅದು ಚಾಪೆಯಲ್ಲ, ಶರಶಯ್ಯೆ! ಬಾಣಗಳನ್ನು ಅಷ್ಟು ಒತ್ತೊತ್ತಾಗಿ ಎಳೆದಿದ್ದರೆ ಚಾಪೆಯ ಹೆಣಿಗೆಯಂತೆ ಕಾಣುವುದು ಸಹಜ. ಮಲಗಿರುವವರು ಭೀಷ್ಮರು, ಅಲ್ಲಿಂದ ಭೀಷ್ಮಸ್ತವರಾಜ ಆರಂಭವಾಗುತ್ತದೆ. ಗಣಪತಿಯನ್ನು ಮಂಗಳಕ್ಕೆಂದು ಬಿಟ್ಟರೆ ಉಳಿದ ನಾಲ್ಕು ಚಿತ್ರಗಳು ಗೀತೆ, ಸಹಸ್ರನಾಮ, ಸ್ತವರಾಜ, ಗಜೇಂದ್ರಮೋಕ್ಷಗಳಿಗೆ ಬಾಗಿಲುಗಳಿದ್ದಂತೆ. ಅನುಸ್ಮೃತಿಗೆ ಮಾತ್ರ ಚಿತ್ರವಿಲ್ಲ. ಒಂದೋ ಚಿತ್ರಕಾರ ಅಲ್ಲಿ ಜಾಗ ಬಿಟ್ಟಿಲ್ಲ, ಇಲ್ಲವೇ ಹಿಂದೆ ಯಾರೋ ಆ ತುಂಡನ್ನು ತೆಗೆದು ಅಂಟಿಸಿದ್ದಾರೆ. ಭೀಷ್ಮರಿಗೂ ಆನೆಗೂ ನಡುವೆ ಬೆಸುಗೆ ಎಲ್ಲೆಲ್ಲಿದೆ ನೋಡಿ. ಇಷ್ಟುದ್ದದ ಸುರುಳಿಯನ್ನು ಹಾಳೆಗಳನ್ನು ಒಂದಕ್ಕೊಂದು ಅಂಟಿಸಿಯೇ ಮಾಡುತ್ತಿದ್ದರು, ಆದ್ದರಿಂದ ಬೆಸುಗೆ ಇರುವುದು ತಪ್ಪಲ್ಲ. ಹೂಬಳ್ಳಿ ಬೆಸುಗೆಯನ್ನು ದಾಟಿ ತಡೆಯಿಲ್ಲದೆ ಹರಿದಿದೆಯೇ ಎಂಬುದು ಮುಖ್ಯ.

ಹಿರಿಮಗಳು:

ಬಳ್ಳಿ ಎಲ್ಲಿಯೂ ತುಂಡಾಗಿಲ್ಲ. ನಡುವೆ ಒಂದು ಸಾಲು ಪೂರ್ತಿ ಕೆಂಪು ಮಸಿಯಲ್ಲಿದೆ.

ಓಲೆಗರಿ:

ಹಾಗಾದರೆ ಅನುಸ್ಮೃತಿ ಅಲ್ಲಿಂದಲೇ ಶುರುವಾಗಿರಬೇಕು. ಅಧ್ಯಾಯದ ಮುಕ್ತಾಯ, ‘ಶ್ರೀಭಗವಾನುವಾಚ’ದಂಥ ಮಾತು, ಶ್ಲೋಕದ ಕೊನೆಯ ದಂಡಗಳು, ಇವನ್ನು ಕೆಂಪಿನಲ್ಲಿ ಬರೆಯುವುದು ಲಿಪಿಕಾರರ ಹಳೆಯ ರೂಢಿ.

ನೇರನುಡಿ:

ಎಲ್ಲರೂ ಭಕ್ತಿಯಲ್ಲಿ ಮುಳುಗಿರುವಾಗ ಒಂದು ಕಹಿಮಾತು ಹೇಳುತ್ತೇನೆ, ಬೇಸರಿಸಬೇಡಿ. ಸುರುಳಿ ಎಂಬುದು ನಮ್ಮ ಗ್ರಂಥಗಳ ಸಹಜ ರೂಪವೇ ಅಲ್ಲ. ನಮ್ಮದು ಓಲೆಗರಿಯ ಸಂಸ್ಕೃತಿ: ಅಡ್ಡಲಾಗಿ ಉದ್ದವಾದ ಬಿಡಿ ಗರಿಗಳು, ನಡುವೆ ತೂತು, ತೂತಿಗೆ ದಾರ, ಮೇಲೆ ಕೆಳಗೆ ಮರದ ಹಲಗೆ. ಕಾಗದ ಬಂದ ಮೇಲೂ ಆ ಆಕಾರವನ್ನು ಬಿಡಲಿಲ್ಲ. ದಾರವೇ ಇಲ್ಲದ ಕಾಗದದ ಹಾಳೆಯಲ್ಲೂ ತೂತಿನ ಜಾಗವನ್ನು ಖಾಲಿ ಬಿಟ್ಟು, ಅಲ್ಲೊಂದು ಕೆಂಪು ಬೊಟ್ಟಿಟ್ಟು ಅಲಂಕಾರ ಮಾಡಿಕೊಂಡರು. ಇಷ್ಟು ಹಠಮಾರಿಯಾದ ಪರಂಪರೆಯಲ್ಲಿ ಧರ್ಮಗ್ರಂಥವನ್ನು ಸುರುಳಿ ಸುತ್ತುವ ಅಭ್ಯಾಸ ಇಷ್ಟು ತಡವಾಗಿ ಏಕೆ ಹರಡಿತು? ಪಾರಸಿ ಲೋಕದಲ್ಲಿ ‘ಗುಬಾರ್’, ಅಂದರೆ ಧೂಳು, ಎಂಬ ಹೆಸರಿನ ಅತಿಸೂಕ್ಷ್ಮ ಲಿಪಿಯಿದೆ; ಆ ಲಿಪಿಯಲ್ಲಿ ಇಡೀ ಕುರಾನನ್ನು ಸಣ್ಣ ಸುರುಳಿಯಲ್ಲಿ ಬರೆದು ಮೈಮೇಲೆ ರಕ್ಷೆಯಾಗಿ ಧರಿಸುತ್ತಿದ್ದರು. ನಿಮ್ಮ ಸುರುಳಿ ಅದರ ನೆರೆಮನೆಯದು. ಸುಂದರವಾಗಿದೆ ಎನ್ನಿ, ಪ್ರಾಚೀನ ಹಿಂದೂ ಪರಂಪರೆ ಎನ್ನಬೇಡಿ.

ಪಟದಪುಟ:

ನೇರನುಡಿಯವರೇ, ಅರ್ಧ ಸತ್ಯವನ್ನು ಪೂರ್ತಿ ದನಿಯಲ್ಲಿ ಹೇಳಿದ್ದೀರಿ. ಸೂಕ್ಷ್ಮಲಿಪಿಯ ವಿಷಯದಲ್ಲಿ ನಿಮ್ಮ ಮಾತಿಗೆ ಬಲವಿದೆ. ಆದರೆ ಸುತ್ತುವ ಚಿತ್ರಪಟ ನಮ್ಮಲ್ಲಿ ಬಹಳ ಹಳೆಯದು. ಬಾಣಭಟ್ಟನ ಹರ್ಷಚರಿತೆಯಲ್ಲಿ ತಂದೆಯ ಕಾಯಿಲೆಯ ಸುದ್ದಿ ಕೇಳಿ ಧಾವಿಸಿ ಬರುವ ಹರ್ಷನಿಗೆ ಅಂಗಡಿಬೀದಿಯಲ್ಲಿ ಎದುರಾಗುವವನು ಯಮಪಟದವನು. ಮಕ್ಕಳು ಮುತ್ತಿಕೊಂಡಿದ್ದಾರೆ, ಎಡಗೈಯಲ್ಲಿ ಪಟ, ಬಲಗೈಯಲ್ಲಿ ಕಡ್ಡಿ. ಪರಲೋಕದಲ್ಲಿ ಏನೇನಾಗುತ್ತದೆ ಎಂದು ಕಡ್ಡಿಯಿಂದ ತೋರಿಸುತ್ತ ನಿಂತಿದ್ದಾನೆ. ಇದು 7ನೇ ಶತಮಾನದ ಮಾತು. ಮುದ್ರಾರಾಕ್ಷಸ ನಾಟಕದಲ್ಲಿ ಚಾಣಕ್ಯನ ಗೂಢಚಾರ ಮನೆಮನೆ ಹೊಕ್ಕು ಬರುವುದೂ ಯಮಪಟದವನ ವೇಷದಲ್ಲಿಯೇ. ಗೂಢಚಾರ ಆ ವೇಷ ತೊಟ್ಟನೆಂದರೆ, ಅಂಥವನು ಬಾಗಿಲಿಗೆ ಬಂದರೆ ಯಾರೂ ಅನುಮಾನಿಸದಷ್ಟು ಅದು ನಿತ್ಯದ ನೋಟವಾಗಿತ್ತು ಎಂದಲ್ಲವೇ?

ಆ ವಂಶ ಇನ್ನೂ ಬದುಕಿದೆ. ರಾಜಸ್ಥಾನದಲ್ಲಿ ಪಾಬೂಜಿಯ ಮತ್ತು ದೇವನಾರಾಯಣನ ಫಡ್‌ಗಳನ್ನು, ಅಂದರೆ ಬಟ್ಟೆಯ ಕಥಾಪಟಗಳನ್ನು, ಭೋಪರೆಂಬ ಪೂಜಾರಿ ಗಾಯಕರು ರಾತ್ರಿಯಿಡೀ ದೀಪ ಹಿಡಿದು ಹಾಡುತ್ತಾರೆ. ತೆಲಂಗಾಣದ ಚೆರಿಯಾಲದಲ್ಲಿ ನಕಾಶಿ ಚಿತ್ರಕಾರರು ಕೆಂಪು ನೆಲದ ಬಟ್ಟೆಯ ಮೇಲೆ ಜಾತಿಪುರಾಣಗಳನ್ನು ಬರೆಯುತ್ತಾರೆ. ನೇಕಾರರಾದ ಪದ್ಮಶಾಲಿಗಳಿಗೆ ಮಾರ್ಕಂಡೇಯ ಪುರಾಣ, ಮಡಿವಾಳರಿಗೆ ಮಡೇಲು ಪುರಾಣ. ಬಂಗಾಳದಲ್ಲಿ ಪಟ ಬರೆದು ಹಾಡುವ ಪಟುವಾಗಳಲ್ಲಿ ಅನೇಕರು ಮುಸ್ಲಿಮರು, ಅವರ ಸುರುಳಿಗಳಲ್ಲಿ ಮನಸಾದೇವಿಯೂ ಇದ್ದಾಳೆ, ರಾಮಾಯಣವೂ ಇದೆ, ಗಾಜಿಪೀರನೂ ಇದ್ದಾನೆ. ಇದರಲ್ಲಿ ಯಾರದು ಯಾರಿಗೆ ಸೇರಿದ್ದು ಎಂದು ಗೆರೆ ಎಳೆಯಹೊರಟರೆ ಕಡ್ಡಿ ಮುರಿಯುತ್ತದೆಯೇ ಹೊರತು ಗೆರೆ ಮೂಡುವುದಿಲ್ಲ.

ನೇರನುಡಿ:

ಮನಮೋಹಕವಾಗಿ ಬರೆದಿದ್ದೀರಿ, ಆದರೆ ನಾನು ಕೇಳಿದ್ದಕ್ಕೆ ಉತ್ತರವಾಗಲಿಲ್ಲ. ನೀವು ಹೆಸರಿಸಿದ ಪಟಗಳನ್ನೆಲ್ಲ ನೋಡಿಸಿ ಹಾಡುತ್ತಾರೆ. ಕಥೆ ಇರುವುದು ಹಾಡುಗಾರನ ನಾಲಗೆಯಲ್ಲಿ, ಪಟದ ಮೇಲಲ್ಲ. ಅಕ್ಷರವಿಲ್ಲದ ಪಟ ಹಸ್ತಪ್ರತಿಯಾಗುವುದಿಲ್ಲ. ಪಠ್ಯವೂ ಚಿತ್ರವೂ ಜೊತೆಯಾಗಿರುವ ಹಳೆಯ ಸುರುಳಿ ಒಂದನ್ನಾದರೂ ಹೆಸರಿಸಿ.

ಪಟದಪುಟ:

ವಸಂತ ವಿಲಾಸ. ಅಹಮದಾಬಾದಿನಲ್ಲಿ ಬರೆದದ್ದು, 1451ನೇ ಇಸವಿ, ಬಟ್ಟೆಯ ಮೇಲೆ, ಸುಮಾರು 11 ಮೀಟರ್ ಉದ್ದ. ಹಳೆಯ ಗುಜರಾತಿಯ ಪದ್ಯ, ಜೊತೆಗೆ ಸಂಸ್ಕೃತ ಪ್ರಾಕೃತ ಪದ್ಯಗಳು, ಅವುಗಳ ಬೆನ್ನಿಗೆ ಚಿತ್ರ, ಮತ್ತೆ ಪದ್ಯ, ಮತ್ತೆ ಚಿತ್ರ. ಸುತ್ತಿದಂತೆಲ್ಲ ವಸಂತ ಬಿಚ್ಚಿಕೊಳ್ಳುತ್ತ ಹೋಗುತ್ತದೆ: ಮಾವಿನ ಮರ, ಕೋಗಿಲೆ, ಉಯ್ಯಾಲೆ, ಮುನಿಸಿಕೊಂಡ ನಲ್ಲೆ. ಈಗ ಅದು ವಾಷಿಂಗ್ಟನ್ನಿನ ಫ್ರೀಯರ್ ಗ್ಯಾಲರಿಯಲ್ಲಿದೆ.

ನೇರನುಡಿ:

ಒಪ್ಪಿದೆ. ಅದು ಶೃಂಗಾರಕಾವ್ಯ, ಧರ್ಮಗ್ರಂಥವಲ್ಲ ಎಂಬ ಸಣ್ಣ ತಕರಾರನ್ನು ಜೇಬಿನಲ್ಲಿ ಇಟ್ಟುಕೊಂಡು ಒಪ್ಪಿದೆ.

ಬಯಲುನಾಡು:

ನಮ್ಮ ಕಡತವನ್ನು ಎಲ್ಲರೂ ಮರೆತಿರಲ್ಲ? ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿದ ಮೇಲೆ ಕಪ್ಪು ಹಲಗೆಯಂತಾದ ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆಲ್ಲ ಗೊತ್ತು. ಇಂದು ಸರ್ಕಾರಿ ಕಚೇರಿಯಲ್ಲಿ ‘ಕಡತ ವಿಲೇವಾರಿ’ ಎನ್ನುವಾಗ ನಾವು ನೆನೆಯದೆ ನೆನೆಯುವುದು ಆ ಕರಿ ಬಟ್ಟೆಯನ್ನೇ.

ಓಲೆಗರಿ:

ನೆನಪಿಸಿದ್ದು ಒಳ್ಳೆಯದಾಯಿತು. ಆದರೆ ಕಡತವನ್ನು ಮಡಿಚುತ್ತಾರೆ, ಸುತ್ತುವುದಿಲ್ಲ. ಲೆಕ್ಕಪತ್ರಕ್ಕೆ ಅದು ಬಹಳ ಅನುಕೂಲ, ಏಕೆಂದರೆ ಬೇಕಾದ ಮಡಿಕೆಯನ್ನು ಒಮ್ಮೆಲೇ ತೆರೆಯಬಹುದು. ಸುರುಳಿಯಲ್ಲಿ ಆ ಸುಖವಿಲ್ಲ. ಹದಿನೆಂಟನೇ ಅಧ್ಯಾಯ ಬೇಕೆಂದರೆ ಮೊದಲ ಹದಿನೇಳನ್ನೂ ಬಿಚ್ಚಿಯೇ ಹೋಗಬೇಕು. ಹಾಗಾಗಿ ಮೊದಲಿನಿಂದ ಕೊನೆಯವರೆಗೆ ಒಂದೇ ದಾರಿಯಲ್ಲಿ ಸಾಗುವ ಬರಹಕ್ಕೆ ಮಾತ್ರ ಸುರುಳಿ ಒಗ್ಗುತ್ತದೆ: ಜಾತಕ, ಸನದು, ಪತ್ರ, ಸ್ತೋತ್ರ, ಪಾರಾಯಣ.

ಕುಂಚ:

ನಾನು ಮೈಸೂರು ಶೈಲಿಯಲ್ಲಿ ಚಿತ್ರ ಬರೆಯುವವನು. ಪಠ್ಯದ ಬಗ್ಗೆ ಮಾತಾಡುವ ಯೋಗ್ಯತೆ ನನಗಿಲ್ಲ, ಬಣ್ಣದ ಬಗ್ಗೆ ಮಾತಾಡುತ್ತೇನೆ.

ಇಂಥ ಕೆಲಸಕ್ಕೆ ಮೊದಲು ಬೇಕಾಗುವುದು ನಯವಾದ ಕಾಗದ. ಹಾಳೆಗೆ ಗಂಜಿ ಹಾಕಿ ಒಣಗಿಸಿ, ನುಣುಪಾದ ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತರುತ್ತಾರೆ. ಹೊಳಪು ಬರದ ಕಾಗದದಲ್ಲಿ ಮಸಿ ಹರಡಿ, ಅಷ್ಟು ಸಣ್ಣ ಅಕ್ಷರ ಮುದ್ದೆಯಾಗಿಬಿಡುತ್ತದೆ. ಕಪ್ಪು ದೀಪದ ಕಾಡಿಗೆಯಿಂದ, ಕೆಂಪು ಇಂಗಲಿಕದಿಂದ, ಕಂದುಗೆಂಪು ಜಾಜಿನಿಂದ, ಹಳದಿ ಹರಿತಾಳದಿಂದ. ಚಿನ್ನವೆಂದರೆ ನಿಜವಾದ ಚಿನ್ನವೇ: ತಗಡಿಗಿಂತ ತೆಳುವಾದ ರೇಕನ್ನು ಗೋಂದಿನಲ್ಲಿ ಗಂಟೆಗಟ್ಟಲೆ ಅರೆದು, ತೊಳೆದು, ಚಿಪ್ಪಿನಲ್ಲಿ ತುಂಬಿಟ್ಟುಕೊಂಡು, ಅಳಿಲ ಕೂದಲಿನ ಕುಂಚದಿಂದ ಹಚ್ಚಿ, ಒಣಗಿದ ಮೇಲೆ ಮತ್ತೆ ಕಲ್ಲಿನಿಂದ ಉಜ್ಜಬೇಕು. ಉಜ್ಜುವ ತನಕ ಅದು ಸಾಸಿವೆ ಬಣ್ಣದ ಕೆಸರಿನಂತೆ ಮಂಕಾಗಿರುತ್ತದೆ. ಉಜ್ಜಿದ ಕ್ಷಣದಲ್ಲಿ ಎಚ್ಚರಗೊಳ್ಳುತ್ತದೆ. ಈ ಕ್ಷಣವನ್ನು ನಾನು ಮೂವತ್ತು ವರ್ಷಗಳಿಂದ ನೋಡುತ್ತಿದ್ದೇನೆ, ಇನ್ನೂ ಸಾಕಾಗಿಲ್ಲ.

ಹಿರಿಮಗಳು ಅವರೇ, ಒಂದು ಆತಂಕದ ಪ್ರಶ್ನೆ. ಅಂಚಿನ ಬಳ್ಳಿಯ ಎಲೆಗಳು ಹಸಿರೇ? ಆ ಹಸಿರಿನ ಹಿಂಬದಿಯಲ್ಲಿ ಕಾಗದ ಕಂದು ಬಣ್ಣಕ್ಕೆ ತಿರುಗಿದೆಯೇ?

ಹಿರಿಮಗಳು:

ಹೌದು, ಎಲೆಗಳಿರುವಲ್ಲೆಲ್ಲ ಹಿಂಬದಿ ಕಂದಾಗಿದೆ. ನಾಲ್ಕೈದು ಕಡೆ ಎಲೆಯ ಆಕಾರದಲ್ಲೇ ಬಿರುಕು ಬಿಟ್ಟಿದೆ, ಒಂದು ಕಡೆ ಎಲೆಯೇ ಉದುರಿಹೋಗಿ ತೂತಾಗಿದೆ. ಗೆದ್ದಲು ಎಂದುಕೊಂಡಿದ್ದೆ.

ಕುಂಚ:

ಗೆದ್ದಲಾದರೆ ಎಲೆಯನ್ನಷ್ಟೇ ಆರಿಸಿ ತಿನ್ನುವುದಿಲ್ಲ. ಅದು ತಾಮ್ರದ ಕಿಲುಬಿನಿಂದ ಮಾಡಿದ ಹಸಿರು. ಹಚ್ಚಿದಾಗ ಕಣ್ಣು ಕೋರೈಸುತ್ತದೆ, ಆದರೆ ವರ್ಷಗಳು ಕಳೆದಂತೆ ತಾನು ಕೂತ ಕಾಗದವನ್ನೇ ಸುಡುತ್ತ ಹೋಗುತ್ತದೆ, ತೇವವಿದ್ದರೆ ಇನ್ನೂ ಬೇಗ. ಪ್ರತಿ ಸಲ ಬಿಚ್ಚಿ ಸುತ್ತಿದಾಗಲೂ ಅಂಥ ಕಡೆ ಕಾಗದ ಮುರಿಯುತ್ತದೆ. ಆದ್ದರಿಂದ ನೆಂಟರಿಷ್ಟರಿಗೆಲ್ಲ ಬಿಚ್ಚಿ ತೋರಿಸುವುದನ್ನು ಇಂದೇ ನಿಲ್ಲಿಸಿ. ಸೆಲ್ಲೋ ಟೇಪಂತೂ ಬೇಡವೇ ಬೇಡ. ಕೊಳವೆಯೊಳಗೆ ಬಿಗಿಯಾಗಿ ಸುತ್ತಿಡುವ ಬದಲು, ದಪ್ಪನೆಯ ಉರುಳೆಗೆ ಆಮ್ಲವಿಲ್ಲದ ಕಾಗದ ಹೊದಿಸಿ, ಅದರ ಮೇಲೆ ಸಡಿಲವಾಗಿ ಸುತ್ತಿ, ಹಳೆಯ ಮೆತ್ತನೆಯ ಹತ್ತಿಬಟ್ಟೆಯಲ್ಲಿ ಕಟ್ಟಿಡಿ. ಕೊಳವೆಯನ್ನು ಬೇರೆಯಾಗಿ ಪೂಜಿಸಿ, ಅದಕ್ಕೇನೂ ತೊಂದರೆಯಿಲ್ಲ. ಗಂಧವನ್ನು ಮಾತ್ರ ಸುರುಳಿಯ ಹತ್ತಿರ ತರಬೇಡಿ.

ದೂರದೂರು:

ಇಂಥದ್ದೇ ಒಂದನ್ನು ನಾನು ಪರದೆಯ ಮೇಲೆ ನೋಡಿದ್ದೇನೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಮಹಾಭಾರತದ ಸುರುಳಿಯಿದೆ, ಕಾಲ 1795. ಅಗಲ ಗೇಣಿಗಿಂತ ಕಡಿಮೆ, ಉದ್ದ 72 ಮೀಟರ್! ಅದರಲ್ಲಿ 78 ಚಿತ್ರಗಳಿವೆ. ಡಿಜಿಟಲ್ ರೂಪಕ್ಕೆ ತಂದಿದ್ದಾರೆ, ಬೆರಳಿನಿಂದ ಹಿಗ್ಗಿಸಿ ನೋಡಬಹುದು. ಹಿಗ್ಗಿಸಿದಷ್ಟೂ ಅಕ್ಷರಗಳು ಕಟ್ಟಿರುವೆ ಸಾಲಿನಂತೆ ಬರುತ್ತಲೇ ಇರುತ್ತವೆ, ಮುಗಿಯುವುದೇ ಇಲ್ಲ.

ಸಿಡಿಲಮರಿ:

ಲೂಟಿ ಮಾಡಿ ಒಯ್ದದ್ದನ್ನು ನಾವು ಪರದೆಯ ಮೇಲೆ ನೋಡಿ ಸಂತೋಷಪಡಬೇಕು.

ಓಲೆಗರಿ:

ಸಿಟ್ಟು ಅರ್ಥವಾಗುತ್ತದೆ, ಆದರೆ ಇಲ್ಲಿ ದಾಖಲೆಯಲ್ಲಿರುವುದನ್ನಷ್ಟೇ ಹೇಳೋಣ. ಅದನ್ನು 1821ರಲ್ಲಿ ಗ್ರಂಥಾಲಯಕ್ಕೆ ಕೊಟ್ಟವರು ಬೋಲೆಂಡಿನ ಕರ್ನಲ್ ವಾಕರ್. ಬರೋಡಾದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್, ಅಂದರೆ ರಾಜನ ಆಸ್ಥಾನದಲ್ಲಿ ಕಂಪನಿಯ ಪ್ರತಿನಿಧಿ, ಆಗಿದ್ದವರು. ಅಧಿಕಾರದಲ್ಲಿದ್ದವನ ಕೈಗೆ ಬಂದ ಕಾಣಿಕೆಗೂ ಕೊಳ್ಳೆಗೂ ನಡುವೆ ಎಷ್ಟು ಅಂತರವಿರುತ್ತಿತ್ತು ಎಂಬುದು ಬೇರೆ ಚರ್ಚೆ, ಅದನ್ನು ಬೇರೆಯಾಗಿಯೇ ಮಾಡೋಣ. ಈಗ ಕತ್ತರಿಯ ಅಪಾಯ ಇರುವುದು ನಮ್ಮ ಮನೆಯೊಳಗೆ, ಎಡಿನ್‌ಬರೋದಲ್ಲಿ ಅಲ್ಲ.

ಸಿಡಿಲಮರಿ:

ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಕರಿಕೋಟು:

ಕಾನೂನಿನ ಕಡೆಯಿಂದ ಎರಡು ಮಾತು. ಚಿಕ್ಕಪ್ಪನವರಿಗೆ ತೋರಿಸಲು ಉಪಯೋಗವಾದೀತು. 1972ರ ಪ್ರಾಚ್ಯವಸ್ತು ಮತ್ತು ಕಲಾಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತು ಪ್ರಾಚ್ಯವಸ್ತು ಎನ್ನಿಸಿಕೊಳ್ಳುತ್ತದೆ. ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ, ಮಾರುವ ವ್ಯಾಪಾರಕ್ಕೆ ಪರವಾನಗಿ ಬೇಕು.

ಓಲೆಗರಿ:

ತಿದ್ದುಪಡಿ: ನೂರು ವರ್ಷ ಎಂಬುದು ಇತರ ವಸ್ತುಗಳಿಗೆ. ಸಾಹಿತ್ಯ, ಇತಿಹಾಸ, ವಿಜ್ಞಾನ ಅಥವಾ ಸೌಂದರ್ಯದ ದೃಷ್ಟಿಯಿಂದ ಬೆಲೆಯುಳ್ಳ ಹಸ್ತಪ್ರತಿಗೆ 75 ವರ್ಷವಾಗಿದ್ದರೆ ಸಾಕು. ಚಿತ್ರಗಳುಳ್ಳ ಹಸ್ತಪ್ರತಿಗಳನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ನೋಂದಣಿ ಅಧಿಕಾರಿಯ ಬಳಿ ನೋಂದಾಯಿಸಬೇಕಾಗುತ್ತದೆ.

ಕರಿಕೋಟು:

ಹೌದು, ನಾನು ಅವಸರದಲ್ಲಿ ಬರೆದೆ. 75 ಸರಿ.

ಪಾರಾಯಣಿ:

ಮೂಲ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಲಿಲ್ಲ: ಓದಲಾಗದಷ್ಟು ಸಣ್ಣ ಅಕ್ಷರ ಏಕೆ? ನಮ್ಮ ತಾಯಿ ಸಹಸ್ರನಾಮ ಹೇಳುವಾಗ ಪುಸ್ತಕವನ್ನು ವ್ಯಾಸಪೀಠದ ಮೇಲೆ ತೆರೆದಿಟ್ಟುಕೊಳ್ಳುತ್ತಿದ್ದರು, ಕಣ್ಣು ಮಾತ್ರ ಮುಚ್ಚಿರುತ್ತಿತ್ತು. ಪುಟ ತಿರುಗಿಸುವ ಹೊತ್ತಿಗೆ ಸರಿಯಾಗಿ ಕೈ ತಿರುಗಿಸುತ್ತಿತ್ತು. ಬಾಯಿಪಾಠ ಬಂದವರಿಗೆ ಗ್ರಂಥ ಓದುವುದಕ್ಕಲ್ಲ, ಎದುರಿಗಿರುವುದಕ್ಕೆ. ಆ ಸುರುಳಿಯೂ ಹಾಗೆಯೇ: ಅದು ದರ್ಶನಕ್ಕೆ, ಸ್ಪರ್ಶಕ್ಕೆ, ಪ್ರಯಾಣದಲ್ಲಿ ಜೊತೆಗಿರುವುದಕ್ಕೆ. ಸಾಲಿಗ್ರಾಮದ ಪಕ್ಕದಲ್ಲಿಟ್ಟ ನಿಮ್ಮ ಹಿರಿಯರಿಗೆ ಇದು ಗೊತ್ತಿತ್ತು.

ನೇರನುಡಿ:

ಹಾಗಾದರೆ ನೀವು ಚಿಕ್ಕಪ್ಪನವರ ಪಕ್ಷಕ್ಕೇ ಬಲ ಕೊಟ್ಟಿರಿ! ಓದುವುದಕ್ಕಲ್ಲ, ದರ್ಶನಕ್ಕೆ ಮಾತ್ರ ಎಂದಾದರೆ ಐದು ಮನೆಗಳಲ್ಲಿ ಐದು ದರ್ಶನವಾಗಲಿ. ಯಾರೂ ಓದದ ಪಠ್ಯ ತುಂಡಾದರೆ ಕಳೆದುಕೊಳ್ಳುವುದೇನು?

ಪಾರಾಯಣಿ:

ಮಾತಿನಲ್ಲಿ ಗೆಲ್ಲುವುದು ಸುಲಭ, ನೇರನುಡಿಯವರೇ. ವಿಗ್ರಹವೂ ದರ್ಶನಕ್ಕೇ ಇರುವುದು, ಕೈಕಾಲು ಬೇರೆ ಮಾಡಿ ಹಂಚುತ್ತಾರೆಯೇ?

ಚಿಲುಮೆ:

ಇದಕ್ಕೆ ನೇರನುಡಿಯವರ ಜೇಬಿನಲ್ಲಿ ತಕರಾರು ಉಳಿದಿದೆಯೇ?

ಕುಂಚ:

ಯಾರೂ ಓದಲೇ ಇಲ್ಲ ಎಂದು ತೀರ್ಮಾನಿಸುವ ಮೊದಲು ಒಂದು ಪರೀಕ್ಷೆಯಿದೆ. ಹರಿತಾಳದ ಹಳದಿ ಚಿತ್ರಕ್ಕೆ ಮಾತ್ರವಲ್ಲ, ತಿದ್ದುವುದಕ್ಕೂ ಬರುತ್ತಿತ್ತು. ಕಾಗದದ ಹಸ್ತಪ್ರತಿಯಲ್ಲಿ ತಪ್ಪು ಬರೆದರೆ ಹೊಡೆದುಹಾಕುವ ಬದಲು ಅದರ ಮೇಲೆ ಹರಿತಾಳ ಬಳಿದು ಮುಚ್ಚಿ, ಒಣಗಿದ ಮೇಲೆ ಸರಿಯಾದ ಅಕ್ಷರವನ್ನು ಬರೆಯುತ್ತಿದ್ದರು. ಅದರಲ್ಲಿ ಪಾಷಾಣವಿದೆ, ಆದ್ದರಿಂದ ಬೆರಳಿನಿಂದ ಉಜ್ಜಬೇಡಿ. ಭೂತಗನ್ನಡಿಯಲ್ಲಿ ಸಾಲುಗಳ ನಡುವೆ ಹಳದಿ ಮಚ್ಚೆ ಕಾಣುತ್ತದೆಯೇ ನೋಡಿ. ಒಂದೇ ಒಂದು ಸಿಕ್ಕಿದರೂ ಅದನ್ನು ಒಬ್ಬನಾದರೂ ಓದಿದ್ದಾನೆ ಎಂದು ಅರ್ಥ.

ಹಿರಿಮಗಳು:

ನಿನ್ನೆ ರಾತ್ರಿ ಕೂತು ನೋಡಿದೆ. ಬಿಚ್ಚುವುದನ್ನು ಕಡಿಮೆ ಮಾಡಲು ಗೇಣಗಲವಷ್ಟನ್ನೇ ತೆರೆದು ಮೊಬೈಲಿನಲ್ಲಿ ಹತ್ತಿರದಿಂದ ಚಿತ್ರ ತೆಗೆಯುತ್ತ ಹೋದೆ, ಫ್ಲ್ಯಾಷ್ ಹಾಕಲಿಲ್ಲ. ಹಳದಿ ಮಚ್ಚೆಗಳು ಇವೆ! ಅಂಚಿನ ಹೂವಿನ ಬಣ್ಣ ತಾಗಿದ್ದೆಂದು ಮೊದಲು ತಿಳಿದಿದ್ದೆ, ಆದರೆ ಹೂವೇ ಇಲ್ಲದ ಕಡೆಯೂ ಇವೆ.

ಅತಿ ದೊಡ್ಡ ಮಚ್ಚೆ ಶೇಷಶಾಯಿಯ ಚಿತ್ರಕ್ಕೆ ಸ್ವಲ್ಪ ಮುಂಚೆ, ಅಂದರೆ ಗೀತೆಯ ಕೊನೆಯ ಭಾಗದಲ್ಲಿದೆ. ಹೆಚ್ಚುಕಡಿಮೆ ಅರ್ಧ ಸಾಲಿಗೆ ಹಳದಿ ಬಳಿದು ಮೇಲೆ ಬರೆದಿದ್ದಾರೆ. ಹಳದಿಗೆ ಮೊದಲಿರುವುದು ‘ಶ್ರೇಯಾನ್ ಸ್ವಧರ್ಮೋ ವಿಗುಣಃ ಪರಧರ್ಮಾತ್ ಸ್ವನುಷ್ಠಿತಾತ್’ ಎಂದು ಓದಿಕೊಂಡೆ. ಹಳದಿಯ ಮೇಲೆ ‘ಸ್ವಭಾವನಿಯತಂ ಕರ್ಮ’ ಎಂದು ಶುರುವಾಗುತ್ತದೆ. ವಿಚಿತ್ರವೆಂದರೆ ಒಂದು ಕಡೆ ಹಳದಿ ಸವೆದು ಅಡಿಯ ಅಕ್ಷರ ತುಸು ಇಣುಕುತ್ತಿದೆ. ಅದು ‘ನಿಧನಂ’ ಎಂಬಂತೆ ಕಾಣುತ್ತದೆ. ಅಲ್ಲಿ ಸಾವಿನ ಮಾತು ಏಕೆ ಬಂತು?

ಪಾರಾಯಣಿ:

ಓದಿ ಮೈ ಜುಮ್ಮೆಂದಿತು. ಅಮ್ಮ, ಅದು ಹದಿನೆಂಟನೇ ಅಧ್ಯಾಯದ 47ನೇ ಶ್ಲೋಕ. ಅದರ ಮೊದಲರ್ಧ ಮೂರನೇ ಅಧ್ಯಾಯದ 35ನೇ ಶ್ಲೋಕದಲ್ಲೂ ಅಕ್ಷರಶಃ ಹಾಗೆಯೇ ಬರುತ್ತದೆ. ಅಲ್ಲಿ ಉತ್ತರಾರ್ಧ ‘ಸ್ವಧರ್ಮೇ ನಿಧನಂ ಶ್ರೇಯಃ’ ಎಂದು ಮುಂದುವರಿದರೆ, ಇಲ್ಲಿ ‘ಸ್ವಭಾವನಿಯತಂ ಕರ್ಮ’ ಎಂದು ತಿರುಗುತ್ತದೆ. ಗೀತೆಯನ್ನು ಬಾಯಿಪಾಠ ಮಾಡಿದವರೆಲ್ಲ ಒಮ್ಮೆಯಾದರೂ ಎಡವುವ ಜಾಗ ಅದು. ನಾನು ಎಷ್ಟು ಸಲ ಹದಿನೆಂಟರಿಂದ ಮೂರಕ್ಕೆ ಜಾರಿದ್ದೇನೋ ಲೆಕ್ಕವಿಲ್ಲ. ನಿಮ್ಮ ಲಿಪಿಕಾರನೂ ಅಲ್ಲಿಯೇ ಜಾರಿದ್ದಾನೆ!

ಓಲೆಗರಿ:

ಅದ್ಭುತ. ಎದುರಿಗಿದ್ದ ಪ್ರತಿಯನ್ನು ಅಕ್ಷರಕ್ಕಕ್ಷರ ನೋಡಿ ಬರೆಯುವವನು ಸಾಲು ಬಿಡಬಹುದು, ಎರಡು ಸಲ ಬರೆಯಬಹುದು, ‘ವ’ ಇದ್ದಲ್ಲಿ ‘ಬ’ ಬರೆಯಬಹುದು. ಹದಿನೈದು ಅಧ್ಯಾಯ ಹಿಂದಕ್ಕೆ ಜಾರುವುದಿಲ್ಲ. ಹಾಗೆ ಜಾರಬೇಕಾದರೆ ಗೀತೆ ಅವನ ನಾಲಗೆಯ ಮೇಲಿರಬೇಕು, ಕೈ ನಾಲಗೆಯನ್ನು ಹಿಂಬಾಲಿಸುತ್ತಿರಬೇಕು.

ನೇರನುಡಿ:

ನಾನು ಸೋತೆ ಎನ್ನಲು ಸಿದ್ಧನಿದ್ದೇನೆ, ಆದರೆ ಪೂರ್ತಿಯಾಗಿ ಅಲ್ಲ. ಇದರಿಂದ ಸಾಬೀತಾಗುವುದು ಬರೆದವನು ಓದಿದ ಎಂಬುದಷ್ಟೇ. ಅರ್ಧ ಸಾಲು ಬರೆದು ಮುಗಿಸುವ ಹೊತ್ತಿಗೆ ಅವನಿಗೇ ತಪ್ಪು ಹೊಳೆದಿರಬಹುದು. ಕೊಂಡವರು ಓದಿದರೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಕುಂಚ:

ಅದಕ್ಕೂ ದಾರಿಯಿದೆ. ಹಳದಿಯ ಮೇಲಿನ ಅಕ್ಷರಗಳೂ ಉಳಿದ ಅಕ್ಷರಗಳೂ ಒಂದೇ ಕೈಯವೇ ಎಂದು ನೋಡಲಿ. ಮಸಿಯ ಕಪ್ಪು ಬೇರೆಯಿದ್ದು ಅಕ್ಷರದ ತಲೆಗಟ್ಟು ಎಳೆದ ರೀತಿಯೂ ಬೇರೆಯಿದ್ದರೆ ತಿದ್ದಿದವನು ಇನ್ನೊಬ್ಬ. ಅಂದರೆ ಬರೆದಾದ ಮೇಲೆ ಯಾರೋ ಕೂತು ಆ ಸಾಸಿವೆ ಅಕ್ಷರಗಳನ್ನು ಮೊದಲಿನಿಂದ ಓದಿದ್ದಾರೆ.

ಹಿರಿಮಗಳು:

ಇವತ್ತು ಚಿಕ್ಕಪ್ಪನವರು ಬಂದಿದ್ದರು. ಕರಿಕೋಟು ಅವರ ಕಾನೂನಿನ ಮಾತನ್ನು ಓದಿ ಹೇಳಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಹಳದಿ ಮಚ್ಚೆಯ ಚಿತ್ರ ತೋರಿಸಿದೆ. ಚಿಕ್ಕಪ್ಪ ಹುಡುಗನಾಗಿದ್ದಾಗ ಅಜ್ಜನೇ ಅವರಿಗೆ ಗೀತೆ ಬಾಯಿಪಾಠ ಮಾಡಿಸಿದ್ದಂತೆ, ನನಗೆ ಇದು ಗೊತ್ತೇ ಇರಲಿಲ್ಲ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ‘ಇಲ್ಲಿಯೇ ನನಗೂ ಬೆತ್ತದ ಏಟು ಬಿದ್ದದ್ದು’ ಎಂದರು. ಆಮೇಲೆ ಕಟ್ಟು ಹಾಕಿಸುವ ಮಾತನ್ನು ಎತ್ತಲಿಲ್ಲ. ಬಿಟ್ಟೆ ಎಂದೂ ಹೇಳಲಿಲ್ಲ. ಹೊರಡುವಾಗ ಭೂತಗನ್ನಡಿಯನ್ನು ಕೇಳಿ ತೆಗೆದುಕೊಂಡು ಹೋಗಿದ್ದಾರೆ, ಮನೆಯಲ್ಲಿ ಕೂತು ಮೊಬೈಲಿನ ಚಿತ್ರಗಳನ್ನು ನೋಡುತ್ತಾರಂತೆ. ಮೊಬೈಲ್ ಚಿತ್ರಕ್ಕೆ ಭೂತಗನ್ನಡಿ ಏಕೆ ಎಂದು ನಾನು ಕೇಳಲಿಲ್ಲ.

ನೇರನುಡಿ:

ಒಟ್ಟು ಎಷ್ಟು ಹಳದಿ ಮಚ್ಚೆಗಳಿವೆ ಎಂದು ಎಣಿಸಿದಿರಾ?

ಹಿರಿಮಗಳು:

ಭೀಷ್ಮರ ತನಕ ಏಳು. ಆನೆಯ ಕಡೆಯದನ್ನು ಇನ್ನೂ ಬಿಚ್ಚಿಲ್ಲ, ಅಲ್ಲಿ ಹಸಿರು ಎಲೆ ಜಾಸ್ತಿ ಇದೆ. ದಪ್ಪ ಉರುಳೆ ಸಿಕ್ಕಿದ ಮೇಲೆ ನೋಡುತ್ತೇನೆ.